ಮೂರನೇ ಸಾಲಿನ ಚುಕ್ಕೆಗಳು

ಕಾಕಾ,

ನೀವು ಇದ್ದಾಗ ನಿಮಗೆ ಒಂದು ಪತ್ರವನ್ನೂ ಬರೆದವಳಲ್ಲ ನಾನು. ಅಥಣಿಯ ಒಂದೇ ಓಣಿಯಲ್ಲಿ ನಿಮ್ಮ ಮನೆ, ನನ್ನ ಡಿಟಿಪಿ ಅಂಗಡಿ. ಕೂಗಿದರೆ ಕೇಳುತ್ತಿತ್ತು. ಈಗ ಎಷ್ಟು ಕೂಗಿದರೂ... ಇರಲಿ. ಮಿರಜಿನ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕೂತಿದ್ದೇನೆ. ನೀವು ನಡೆಸುತ್ತಿದ್ದ ನಮ್ಮ ಸಂಗೀತ ಮಾಸಿಕದ ಮುಂದಿನ ಸಂಚಿಕೆಯ ಪರಿವಿಡಿಯ ಪ್ರೂಫ್ ಚೀಲದಲ್ಲಿತ್ತು, ಅದರ ಬೆನ್ನಿಗೆ ಇದನ್ನು ಬರೆಯುತ್ತಿದ್ದೇನೆ. ಎದುರಿನ ಬಾಗಿಲ ಒಳಗೆ ಅವ್ವನಿಗೆ ಎದೆಯ ಆಪರೇಷನ್ ನಡೆಯುತ್ತಿದೆ. ನಿಮ್ಮ ಅತ್ತಿಗೆಗೆ, ನೀವು ವೈನಿ ಎಂದು ಕರೆಯುತ್ತಿದ್ದವಳಿಗೆ. ನಿಮ್ಮ ಜೊತೆ ಜಗಳ ಆಡುವುದಿದೆ, ಒಂದು ಬೇಡಿಕೊಳ್ಳುವುದೂ ಇದೆ. ಮೊದಲು ಜಗಳ.

ನನ್ನನ್ನು ಮೊದಲ ಸಲ ಪರಿವಿಡಿ ಮಾಡಲು ಕೂರಿಸಿದ್ದು ನೆನಪಿದೆಯೇ? ನಾನು ಎಲ್ಲರಂತೆ ಪುಟಗಳನ್ನು ಒಂದರ ಕೆಳಗೊಂದು ಇಟ್ಟು, ಮೇಲೊಂದು ವೀಣೆಯ ಚಿತ್ರ ಹಾಕಿ, ಹಿಂದೆ ಗುಲಾಬಿ ಬಣ್ಣ ಬಳಿದಿದ್ದೆ. ನೀವು ಕನ್ನಡಕ ಏರಿಸಿ ನೋಡಿ, "ಸುಮಿ, ಯಾರ ಲಗ್ನಪತ್ರಿಕಿ ಮಾಡೀಯ ಇದು?" ಎಂದಿರಿ. ಸಂಗೀತದ ಪತ್ರಿಕೆಯ ಪರಿವಿಡಿ ಹೊತ್ತಿನ ಪ್ರಕಾರ ಇಳಿಯಬೇಕು ಎಂದು ಹೇಳಿಕೊಟ್ಟಿರಿ. ಎಲ್ಲಕ್ಕಿಂತ ಮೇಲೆ ನಸುಕಿನ ಭೈರವ ರಾಗ, ಅದರ ಕೆಳಗೆ ಬಿಸಿಲೇರುವ ಹೊತ್ತಿನ ತೋಡಿ, ಆಮೇಲೆ ನಡು ಮಧ್ಯಾಹ್ನದ ಸಾರಂಗ, ಹೀಗೆ ರಾತ್ರಿಯವರೆಗೆ ಬಂದು ಕಟ್ಟಕಡೆಗೆ, ಕಚೇರಿ ಮುಗಿಸುವ ಭೈರವಿ. ಯಾರ ಲೇಖನ ಯಾವ ಹೊತ್ತಿಗೆ ಸೇರುತ್ತದೋ ಅವರ ಹೆಸರು ಆ ಸಾಲಿನಲ್ಲಿ. ಎಡಗಡೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ. "ಅದು ತಂಬೂರಿ ಇದ್ದಂಗ. ತುಂಬಾಕ ಹೋಗಬ್ಯಾಡ." ಹೆಸರಿನಿಂದ ಹೊರಟ ಚುಕ್ಕೆಗಳ ಸಾಲು ಬಲಗಡೆ ಓಡಿ, ಹಾಳೆಯ ತೀರ ಅಂಚಿನಲ್ಲಿ ಪುಟಸಂಖ್ಯೆಯನ್ನು ಮುಟ್ಟಬೇಕು. ಓದುವವರ ಹೆಬ್ಬೆರಳು ಅಲ್ಲೇ ಇರುತ್ತದೆ ಎಂಬುದು ನಿಮ್ಮ ವಾದ. "ಅಷ್ಟು ಅಂಚಿಗೆ ಬ್ಯಾಡ ಕಾಕಾ, ಕಟಿಂಗ್ ಮಶೀನ್‌ದಾಗ ಹೋದೀತು" ಎಂದು ಬಡಕೊಂಡೆ. ಕೇಳಿದಿರಾ?

ಇನ್ನೊಂದು ಪದ್ಧತಿಯನ್ನೂ ನೀವೇ ಹಾಕಿದಿರಿ. ನಮ್ಮ ಬರಹಗಾರರಲ್ಲಿ, ಕಲಾವಿದರಲ್ಲಿ ಯಾರಾದರೂ ತೀರಿಕೊಂಡರೆ ಆ ಸಂಚಿಕೆಯಲ್ಲಿ ಅವರ ಹೆಸರು ಭೈರವಿಯ ಸಾಲಿಗೆ ಬರುತ್ತಿತ್ತು. ಚುಕ್ಕೆಗಳು ಅಂಚಿನವರೆಗೆ ಹೋಗುತ್ತಿದ್ದವು, ಸಂಖ್ಯೆ ಮಾತ್ರ ಇರುತ್ತಿರಲಿಲ್ಲ. ದೊಡ್ಡ ಫೋಟೋ ಇಲ್ಲ, ಕಪ್ಪು ಚೌಕಟ್ಟಿಲ್ಲ. ಚಿಕ್ಕೋಡಿಯಿಂದ ಕಾಗವಾಡದವರೆಗೆ ನಮ್ಮ ಓದುಗರಿಗೆ ಅಷ್ಟು ಸಾಕಾಗುತ್ತಿತ್ತು. ಪತ್ರಿಕೆ ಕೈಗೆ ಬಂದ ಕೂಡಲೇ ಮೊದಲು ಕೆಳಗಿನ ಸಾಲು ನೋಡಿ, ಸಂಖ್ಯೆ ಕಾಣದಿದ್ದರೆ "ಅಯ್ಯೋ, ಚುಕ್ಕಿ ಹಿಡದ ಹೋದ್ರಲ್ಲ" ಎನ್ನುತ್ತಿದ್ದರು. ಅವ್ವನೂ ಹಾಗೇ ಅನ್ನುತ್ತಿದ್ದಳು. ನಿಮ್ಮ ಹೆಸರನ್ನು ಅಲ್ಲಿ ಹಾಕಿದವಳು ನಾನೇ. ಸಂಖ್ಯೆಯನ್ನು ಅಳಿಸಿದವಳೂ ನಾನೇ.

ಆ ಸಂಚಿಕೆ ಹೊರಬಿದ್ದ ವಾರ ರಾಯಬಾಗದಿಂದ ನಮ್ಮ ಹಳೆಯ ಚಂದಾದಾರರೊಬ್ಬರ ಫೋನು ಬಂತು. "ಅಕ್ಕಾರ, ಏನಾತ್ರಿ? ಎಲ್ಲಾರೂ ಒಮ್ಮೆಲೇ ಹೋದ್ರೇನ್ರಿ? ಗಾಡಿಗೀಡಿ ಪಲ್ಟಿ ಆತೇನ್ರಿ?" ನನಗೆ ತಲೆಬುಡ ತಿಳಿಯಲಿಲ್ಲ. ಅಂಗಡಿಯಲ್ಲಿ ಉಳಿದಿದ್ದ ಕಟ್ಟು ಬಿಚ್ಚಿದಾಗ ತಿಳಿಯಿತು. ನಿಪ್ಪಾಣಿಯ ಪ್ರೆಸ್ಸಿನಲ್ಲಿ ಒಂದಿಷ್ಟು ಪ್ರತಿಗಳನ್ನು ಅಂಚು ಕತ್ತರಿಸುವಾಗ ಅಲಗು ಒಂದು ಕಡ್ಡಿಯಷ್ಟು ಒಳಗೆ ಬಿದ್ದಿತ್ತು. ಎಲ್ಲ ಸಾಲುಗಳ ಪುಟಸಂಖ್ಯೆ ಹಾರಿಹೋಗಿತ್ತು. ಚುಕ್ಕೆಗಳು ಅಂಚಿಗೆ ಬಂದು ಸುಮ್ಮನೆ ನಿಂತಿದ್ದವು. ನಿಮ್ಮ ಹೆಸರಿಗೆ ಸಂಖ್ಯೆ ಇಲ್ಲ, ನಿಮ್ಮ ಮೇಲಿನವರು ಯಾರಿಗೂ ಇಲ್ಲ. ಇಡೀ ಪುಟವನ್ನು ನಿಮ್ಮ ಹಿಂದೆ ಕಳಿಸಿಕೊಟ್ಟಂತಿತ್ತು. ನಿಪ್ಪಾಣಿ, ಚಿಕ್ಕೋಡಿಯ ಪ್ರತಿಗಳು ಸರಿಯಾಗಿದ್ದವು. ಕೆಟ್ಟವು ಬಂದದ್ದು ಪೂರ್ತಿ ನಮ್ಮ ಕಡೆಗೆ.

ಮೊದಮೊದಲು ನಕ್ಕೆವು ಕಾಕಾ. ನಮ್ಮೂರು ಐಗಳಿಯಿಂದ ಅವ್ವನೇ ಫೋನು ಮಾಡಿ, "ನಮ್ಮನ್ನೆಲ್ಲಾ ಜೀವಂತ ಕಳಿಸಿಬಿಟ್ಟೆಲ್ಲ ಬೇ!" ಎಂದು ಚೇಷ್ಟೆ ಮಾಡಿದಳು. ಆ ಸಂಚಿಕೆಯಲ್ಲಿ ಅವಳೂ ಇದ್ದಳಲ್ಲ, ಹೊಲದ ಹಾಡುಗಳ ಬಗ್ಗೆ ಅವಳು ಹೇಳಿದ್ದನ್ನು ನಾನು ಬರೆದುಕೊಂಡಿದ್ದೆ. ಸುಡು ಬಿಸಿಲಿನಲ್ಲಿ ಹಾಡುವವು ಎಂದು ಸಾರಂಗದ ಸಾಲಿಗೆ ಹಾಕಿದ್ದೆ. ಮೂರನೇ ಸಾಲು. ಮೊದಲನೆಯದರಲ್ಲಿ ಉಗಾರ ಬುದ್ರುಕದ ತಬಲಾ ಶಂಕರ ಮಾಸ್ತರರು, ಎರಡನೆಯದರಲ್ಲಿ ಕಾಗವಾಡದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ನಬಿಸಾಬ ಚಾಚಾ.

ಶಂಕರ ಮಾಸ್ತರರು ಹೋದ ಸುದ್ದಿ ಬಂದಾಗ ನಾನು ಹಲ್ಲುಜ್ಜುತ್ತಿದ್ದೆ. ನಸುಕಿನಲ್ಲಿ ಎದ್ದು ತಬಲಾ ಮುಂದಿಟ್ಟುಕೊಂಡವರು ಹಾಗೇ ವಾಲಿದರಂತೆ. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಇತ್ತು, ಯಾರಿಗೂ ಆಶ್ಚರ್ಯವಾಗಲಿಲ್ಲ. ಮುಂದಿನ ತಿಂಗಳು ನಬಿಸಾಬ ಚಾಚಾ ಹೋದರು, ಬೆಳಗಿನ ನಾಷ್ಟಾ ಮುಗಿಸಿ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ. ಮಾಸ್ತರರದು ಭೈರವದ ಹೊತ್ತು, ಚಾಚಾನದು ತೋಡಿಯ ಹೊತ್ತು, ಪುಟದಲ್ಲಿದ್ದ ಸಾಲಿನ ಪ್ರಕಾರವೇ. ಅದು ನನಗೆ ಹೊಳೆದದ್ದು ಚಾಚಾನ ಮಣ್ಣಿಗೆ ಹೋಗಿ ಬಸ್ಸಿನಲ್ಲಿ ಮರಳುವಾಗ. ಇದೆಲ್ಲ ನಾನು ನಂಬುವವಳಲ್ಲ, ನಿಮಗೆ ಗೊತ್ತು. ಆದರೂ ಮನೆಗೆ ಬಂದು ಆ ಪುಟವನ್ನು ತೆಗೆದು ನೋಡಿದೆ. ಅವ್ವನ ಹೆಸರಿನ ಮುಂದಿನ ಚುಕ್ಕೆಗಳು ಮೊದಲಿನ ಹಾಗೇ ಅಂಚಿನವರೆಗೆ ಹೋಗಿ ನಿಂತಿದ್ದವು.

ಅವ್ವನಿಗೂ ಅದು ಹೊಳೆದಿತ್ತು ಎಂದು ನನಗೆ ಗೊತ್ತಾದದ್ದು ಅಣ್ಣನ ಫೋನಿನಿಂದ. "ಅವ್ವ ಮೂಗುಬಟ್ಟು ಬಿಚ್ಚಿ ನಮ್ಮಾಕಿಗೆ ಕೊಟ್ಟಾಳ. ಹಾಡೂದ ಬಿಟ್ಟಾಳ. ನೀ ಒಮ್ಮೆ ಬಂದು ಹೋಗು." ಐಗಳಿಗೆ ಹೋದೆ. ದ್ರಾಕ್ಷಿ ಒಣಗಿಸುವ ಶೆಡ್ಡಿನ ನೆರಳಲ್ಲಿ ಕೂತಿದ್ದಳು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮಿರಜಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಎದೆಯ ವಾಲ್ವ್ ಕೆಟ್ಟಿದೆ, ತಡ ಮಾಡಿದರೆ ಉಳಿಯುವುದಿಲ್ಲ, ಆಪರೇಷನ್ ಆದರೆ ಚೆನ್ನಾಗಿರುತ್ತಾರೆ ಎಂದರು ಡಾಕ್ಟರು. ಅವ್ವ ಒಲ್ಲೆ ಎಂದಳು. "ನಂದು ಮೂರನೇ ಸಾಲು. ಸುಮ್ಮನ ಯಾಕ ಕೊಯ್ಯಿಸ್ಕೋಬೇಕು?"

ಎಷ್ಟು ಜಗಳ ಆಡಿದೆ ಗೊತ್ತೇ? ಅತ್ತೂ ನೋಡಿದೆ, ಬೈದೂ ನೋಡಿದೆ. ಅದು ಬರೀ ಅಲಗಿನ ತಪ್ಪು ಎಂದೆ. ನಿಪ್ಪಾಣಿ ಕಡೆಯ ಒಂದು ಸರಿಯಾದ ಪ್ರತಿ ತರಿಸಿ ಮುಂದೆ ಹಿಡಿದೆ. "ನೋಡು, ನಿನ್ನ ಹೆಸರಿನ ಮುಂದ ಹನ್ನೊಂದು ಅಂತ ಐತಿಲ್ಲೋ?" ಅವ್ವ ಬೆರಳಿಟ್ಟು ಆ ಹನ್ನೊಂದನ್ನು ನೋಡಿದಳು. ಆಮೇಲೆ ಕೇಳಿದಳು, "ನಮ್ಮ ಮನಿಗೆ ಬಂದದ್ದು ಯಾವದು?" ಬಂದದ್ದು ಅಂಚು ಹೋದದ್ದೇ ಕಾಕಾ. ಅವಳ ರೋಗಕ್ಕಿಂತ ನಿಮ್ಮ ಚುಕ್ಕೆಗಳೇ ಅವಳನ್ನು ತಿನ್ನುತ್ತಿದ್ದವು. ಆವತ್ತು ನಿಮ್ಮ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ.

ನಿಮ್ಮ ಹೊಸ್ತಿಲು ನೆನಪಾದದ್ದು ಆ ಸಿಟ್ಟಿನಲ್ಲೇ. ಅರ್ಧ ಬರೆದ ಲೇಖನ ತಂದವರನ್ನು ನೀವು ಒಳಗೆ ಬಿಡುತ್ತಿರಲಿಲ್ಲ. ಎಂಥ ದೊಡ್ಡ ಗವಾಯಿ ಬಂದರೂ ಅಷ್ಟೇ. ಅವ್ವ ಒಮ್ಮೆ ಕಳೆ ತೆಗೆಯುವಾಗಿನ ಹಾಡೊಂದನ್ನು ಬರೆಸಿಕೊಂಡು ಐಗಳಿಯಿಂದ ಬಸ್ಸು ಹತ್ತಿ ಬಂದಿದ್ದಳು, ಕೊನೆಯ ನುಡಿ ಮರೆತಿದ್ದಳು. ನೀವು ಬಾಗಿಲಲ್ಲೇ ಹಾಳೆ ತಿರುವಿ ನೋಡಿ, "ವೈನಿ, ಪುಟ ತುಂಬಿಲ್ಲ. ಹೊಳ್ಳಿ ಹೋಗ್ರಿ" ಎಂದು ಕಳಿಸಿಬಿಟ್ಟಿರಿ. ಚಹಾ ಕೂಡ ಕೇಳಲಿಲ್ಲ! ಮೈದುನನ ಮನೆಯಿಂದ ನೀರು ಕುಡಿಯದೆ ಮರಳಿದೆ ಎಂದು ಅವಳು ಊರೆಲ್ಲ ಹೇಳಿಕೊಂಡು ತಿರುಗಿದಳು. ವಾರದ ಮೇಲೆ ಆ ನುಡಿ ಹುಡುಕಿಕೊಂಡು ಬಂದಾಗ ನೀವೇ ಎದ್ದು ಚಹಾ ಮಾಡಿಕೊಟ್ಟಿರಿ, ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ ಅವಳು.

ಕಳೆದ ಭಾನುವಾರ ಲ್ಯಾಪ್‌ಟಾಪ್ ಎತ್ತಿಕೊಂಡು ಅವಳ ಪಕ್ಕ ಕೂತೆ. ಹೊಸ ಸಂಚಿಕೆಯ ಪರಿವಿಡಿ ತೆರೆದೆ. ಸಂಖ್ಯೆಗಳನ್ನೆಲ್ಲ ಅಂಚಿನಿಂದ ಎತ್ತಿ ಎಡಗಡೆಗೆ, ಹೆಸರಿಗಿಂತ ಮುಂಚೆಯೇ ಬರುವಂತೆ ತಂದಿದ್ದೆ. ಹೌದು, ನಿಮ್ಮ ತಂಬೂರಿಯ ಜಾಗಕ್ಕೇ. ಬೈಯಿರಿ. ಇನ್ನು ಯಾವ ಅಲಗೂ ಅವನ್ನು ಮುಟ್ಟುವುದಿಲ್ಲ. ಚುಕ್ಕೆಗಳನ್ನು ತೆಗೆದೇಬಿಟ್ಟಿದ್ದೆ. ಶಂಕರ ಮಾಸ್ತರರಿಗೆ, ನಬಿಸಾಬ ಚಾಚಾಗೆ ಒಂದೊಂದು ಪುಟ, ಎಲ್ಲರ ಹಾಗೆ ಸಂಖ್ಯೆಯ ಸಮೇತ. ನಿಮಗೂ ಒಂದು ಪುಟ ಕೊಟ್ಟಿದ್ದೇನೆ, ನಿಮಗೆ ತಿಳಿಸಬೇಕಿದ್ದ ಸುದ್ದಿ ಇದೇ. ಮೂರನೇ ಸಾಲಿನಲ್ಲಿ ಅವ್ವನ ಹೆಸರು, ಅದರ ಎಡಕ್ಕೆ ಹನ್ನೊಂದು.

ಅವ್ವ ಪರದೆಯ ಹತ್ತಿರ ಬಗ್ಗಿದಳು. "ಆ ಪುಟದಾಗ ಏನೈತಿ?"

"ಏನೂ ಇಲ್ಲ. ಖಾಲಿ ಐತಿ."

"ಖಾಲಿ ಪುಟಕ್ಕ ನಂಬರ ಹಾಕೀಯಲ್ಲ, ನಿನ್ನ ಕಾಕಾ ಇದ್ದಿದ್ರ ಕೆನ್ನಿಗೆ ಬಾರಸ್ತಿದ್ದ."

"ಹಂಗಾದ್ರ ನೀ ತುಂಬ."

ಅವಳು ದ್ರಾಕ್ಷಿಯ ಸಾಲುಗಳ ಕಡೆ ತಿರುಗಿದಳು. ಆಮೇಲೆ, ಎಷ್ಟೋ ದಿನಗಳ ಮೇಲೆ, ದನಿ ತೆಗೆದಳು. ಅವಳ ಅತ್ತೆ, ಅಂದರೆ ನಿಮ್ಮ ಅವ್ವ, ಜೋಳದ ಹೊಲದಲ್ಲಿ ಹಾಡುತ್ತಿದ್ದ ಹಾಡಂತೆ. ನೀವೂ ಕೇಳಿರದ ಹಾಡು. ಉಸಿರು ಹತ್ತಿ ನಡುನಡುವೆ ನಿಲ್ಲಿಸಿದಳು, ನಾನು ಟೈಪು ಮಾಡುತ್ತ ಹೋದೆ. ಕೊನೆಯ ನುಡಿಗೆ ಬಂದಾಗ ಬಾಯಿ ಮುಚ್ಚಿದಳು. ಮರೆತಳೇನೋ ಎಂದುಕೊಂಡೆ. "ನೆನಪೈತಿ. ಹೇಳಾಂಗಿಲ್ಲ. ಅದು ನನ್ನ ಬಾಯಾಗ ಇರ್ಲಿ. ನಡಿ, ಮಿರಜಿಗೆ ಹೋಗೂಣು. ಎದಕ್ಕ ಅಂತ ಕೇಳಬ್ಯಾಡ."

ನಿನ್ನೆ ಬರುವಾಗ ಉಗಾರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಗಾಡಿ ಸಿಕ್ಕಿಕೊಂಡಿತ್ತು. ಶಂಕರ ಮಾಸ್ತರರ ಊರಿನ ಕಡೆ ನೋಡಿ ಅವ್ವ ಕೈ ಮುಗಿದಳು. ಕಾಗವಾಡ ದಾಟುವಾಗ ಚಾಚಾನ ಮುಚ್ಚಿದ ಅಂಗಡಿಗೂ ಮುಗಿದಳು. ಮೊದಲ ಸಾಲು, ಎರಡನೇ ಸಾಲು. ಆಮೇಲೆ ನನ್ನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ಆಪರೇಷನ್ನಿಗೆ ಯಾವ ಹೊತ್ತು ಕೊಟ್ಟಿದ್ದಾರೆ ಹೇಳಿ? ಮಧ್ಯಾಹ್ನ. ಬೆಳಿಗ್ಗೆ ಮಾಡಿ ಎಂದು ಕಾಲು ಹಿಡಿಯುವುದೊಂದು ಬಾಕಿ. ಆಗುವುದಿಲ್ಲ ಎಂದರು. ಅವರಿಗೆ ಸಾರಂಗದ ಹೊತ್ತೆಂದರೆ ಏನು ಗೊತ್ತು?

ಸ್ಟ್ರೆಚರ್ ಒಳಗೆ ಹೋಗುವ ಮುಂಚೆ ಅವ್ವ ಕಣ್ಣು ಸನ್ನೆ ಮಾಡಿ ಬಗ್ಗಲು ಹೇಳಿದಳು. ಕಿವಿಯಲ್ಲಿ ಹೇಳಿದಳು, "ಅಂಜಬ್ಯಾಡ ಬೇ. ನಿನ್ನ ಕಾಕಾನ ಬಾಗಲಾ ನನಗ ಗೊತ್ತೈತಿ."

ಡಾಕ್ಟರು ಹೇಳಿದ ಹೊತ್ತು ಎಂದೋ ದಾಟಿದೆ. ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಆರಿಲ್ಲ. ಈಗಷ್ಟೇ ನರ್ಸೊಬ್ಬಳು ಹೊರಗೆ ಓಡಿ ಬಂದು, ಏನೋ ತೆಗೆದುಕೊಂಡು ಮತ್ತೆ ಒಳಗೆ ಓಡಿದಳು, ನನ್ನ ಮುಖ ನೋಡಲಿಲ್ಲ. ಪ್ರೆಸ್ಸಿನವರು ಫೋನು ಮಾಡಿದ್ದರು, ಹನ್ನೊಂದನೇ ಪುಟದಲ್ಲಿ ಕೊನೆಗೆ ನಾಲ್ಕು ಸಾಲಿನ ಜಾಗ ಖಾಲಿ ಬಿದ್ದಿದೆ, ಏನು ಹಾಕೋಣ ಎಂದು. ಏನೂ ಹಾಕಬೇಡಿ, ಕಾಯಿರಿ ಎಂದೆ.

ಕಾಕಾ, ನಾನು ಬೇಡಿಕೊಳ್ಳುವುದು ಇಷ್ಟೇ. ಅವ್ವ ಅಲ್ಲಿಗೆ ಬಂದರೆ ಒಳಗೆ ಕರೆಯಬೇಡಿ. ಚಹಾ ಕೇಳಬೇಡಿ. ಹೊಸ್ತಿಲಲ್ಲೇ ನಿಲ್ಲಿಸಿ, ಕನ್ನಡಕ ಏರಿಸಿ, ಆವತ್ತಿನ ಅದೇ ಗಡಸು ದನಿಯಲ್ಲಿ ಹೇಳಿ: "ವೈನಿ, ಪುಟ ತುಂಬಿಲ್ಲ. ಹೊಳ್ಳಿ ಹೋಗ್ರಿ."

ನಿಮ್ಮ
ಸುಮಿ