ರೆಕ್ಕೆಯ ಒಳಗಡೆ

ಬೇಕರಿಯ ಮೇಲಿನ ಮನೆ
ಭಾನುವಾರ, ಮಾರ್ಚ್ ಒಂಬತ್ತು

ಪ್ರೀತಿಯ ಕುಳ್ಳೀ,

ಮಂಡಿ ಹೇಗಿದೆ? ಡಾಕ್ಟರು ಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು ಅದರ ಮುಖ ನೋಡುತ್ತ ಕೂತಿದ್ದೀಯೋ? ಮಗಳು ದಿನಾ ವ್ಯಾಯಾಮ ಮಾಡಿಸುತ್ತಾಳೆ ಎಂದು ಬರೆದಿದ್ದೆ. ಮಾಡು. ಸೋಮಾರಿತನ ಮಾಡಿಕೊಂಡು ಆಮೇಲೆ ‘ಅಕ್ಕಾ, ನೋವು’ ಎಂದು ನನ್ನ ಮುಂದೆ ರಾಗ ಎಳೆಯಬೇಡ. ನಾನು ಚೆನ್ನಾಗಿದ್ದೇನೆ. ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ. ಹೋದ ವಾರ ನೀನು ಫೋನ್ ಮಾಡಿದಾಗ ನಾನು ‘ಆಂ?’ ಎಂದೆ, ನೀನೂ ‘ಆಂ?’ ಎಂದೆ. ಹೀಗೇ ಇಬ್ಬರೂ ಕೂಗಾಡಿ ಕೂಗಾಡಿ, ಕಡೆಗೆ ನಿನ್ನ ಮಗಳು ಫೋನ್ ಕಿತ್ತುಕೊಂಡು ‘ದೊಡ್ಡಮ್ಮಾ, ಎಲ್ಲಾ ಆರಾಮ!’ ಎಂದು ಕಿರುಚಿ ಇಟ್ಟುಬಿಟ್ಟಳು. ವಿಮಾನ ಕಾರ್ಖಾನೆಯ ಗದ್ದಲ ನಮ್ಮಿಬ್ಬರ ಕಿವಿಯನ್ನೂ ಸಮಸಮವಾಗಿ ತಿಂದಿದೆ, ಪಾಪ, ಪಕ್ಷಪಾತ ಮಾಡಿಲ್ಲ. ಅದಕ್ಕೇ ಮತ್ತೆ ಪೆನ್ನು ಹಿಡಿದು ಕೂತಿದ್ದೇನೆ.

ಈಗ ಸುದ್ದಿ ಕೇಳು. ನಮ್ಮ ವಿಮಾನ ಬರುತ್ತಿದೆ. ಈ ಸಲ ಬುರುಡೆಯಲ್ಲ, ನಿಜವಾಗಿಯೂ ಬರುತ್ತಿದೆ. ನಾವಿಬ್ಬರೂ ಹರೆಯವನ್ನೆಲ್ಲ ಸುರಿದು ರೆಕ್ಕೆ ಕೂಡಿಸಿದೆವಲ್ಲ, ಅದೇ ಯುದ್ಧವಿಮಾನದ ಮಾದರಿ, ದೊಡ್ಡ ಅಳತೆಯಲ್ಲಿ, ಅಸಲಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಆಟಿಕೆ ಅಂಗಡಿಯ ಗೋಂದಣ್ಣನೇ ಹೇಳಿದ್ದು. ಬೆರಳ ತುಂಬ ಒಣಗಿದ ಅಂಟು ಮೆತ್ತಿಕೊಂಡಿರುತ್ತಾನೆ ಎಂದು ನೀನು ಅವನಿಗಿಟ್ಟ ಹೆಸರು ಈಗ ಬೀದಿಗೆಲ್ಲ ಹಬ್ಬಿದೆ, ಹಾಗೆ ಕರೆದರೆ ಅವನೇ ಓಗೊಡುತ್ತಾನೆ. ಬಿಡಿ ತುಂಡುಗಳ ಕಿಟ್ ತಯಾರಿಸುವವರು ಎರಡು ಸಲ ಮುಂದಕ್ಕೆ ಹಾಕಿದ್ದರು. ನಾನು ಬಿಡಬೇಕಲ್ಲ! ದಿನಾ ಬೆಳಿಗ್ಗೆ ಅಂಗಡಿಗೆ ಹೋಗಿ ನಿಂತು ಅವನ ಪ್ರಾಣ ಹಿಂಡಿದ್ದೇನೆ. ಮೊನ್ನೆ ನನ್ನನ್ನು ಕಂಡದ್ದೇ, ‘ಅಜ್ಜೀ, ನೀವು ಬರೋದನ್ನ ನೋಡಿ ನಾನು ಗಡಿಯಾರ ಸರಿ ಮಾಡ್ಕೋಬಹುದು’ ಎಂದ. ಈ ತಿಂಗಳ ಕೊನೆಗೆ ಬಂದೇ ಬರುತ್ತದಂತೆ. ಈ ರೆಕ್ಕೆಯ ತುದಿಯಿಂದ ಆ ರೆಕ್ಕೆಯ ತುದಿಗೆ ಒಂದು ಮೊಳ. ಊಟದ ಮೇಜಿನ ಮೇಲೆ ಅದನ್ನಿಟ್ಟರೆ ನಾವಿಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಬೇಕಾಗುತ್ತದೆ. ಮಾಡೋಣ, ಏನೀಗ? ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅದನ್ನು ನಾನೊಬ್ಬಳೇ ಕಟ್ಟುವುದಿಲ್ಲ. ನೀನು ಬರಬೇಕು. ಬಂದು ಹೋಗುವುದಲ್ಲ, ಬಂದು ಇರಬೇಕು. ಮಗಳ ಮನೆಗೆ ಹೋದ ಎರಡು ವರ್ಷದಿಂದ ನೀನು ಪ್ರತಿ ಕಾಗದದಲ್ಲೂ ‘ನೋಡೋಣ ಅಕ್ಕಾ’ ಎಂದು ಬರೆಯುತ್ತೀಯ. ನಿನ್ನ ನೋಡೋಣವನ್ನು ಕೇಳಿ ಕೇಳಿ ಸಾಕಾಗಿದೆ.

ಈ ಹುಚ್ಚು ಹಿಡಿಸಿದವಳು ನೀನೇ ಎಂಬುದನ್ನು ಮರೆಯಬೇಡ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲ್ಲ ಎಂದು ಮೊದಲ ಪ್ಲಾಸ್ಟಿಕ್ ವಿಮಾನ ತಂದವಳು ನೀನು. ಪುಸ್ತಕದಲ್ಲಿ ತೋರಿಸಿದ ಹಾಗೆ ತುಂಡುಗಳನ್ನು ಕತ್ತರಿಸು, ಉಜ್ಜು, ಅಂಟಿಸು, ಬಣ್ಣ ಹಚ್ಚು. ಮುದುಕಿಯರಿಗೆ ಇದೆಂಥ ಆಟ ಎಂದು ನಾನೇ ಮೂಗು ಮುರಿದಿದ್ದೆ, ಆಮೇಲೆ ನಾನೇ ಊಟ ತಿಂಡಿ ಬಿಟ್ಟು ಕೂತೆ. ಎಲ್ಲ ಯಾರ‍್ಯಾರದೋ ವಿಮಾನಗಳು. ನಮ್ಮದು ಸಿಕ್ಕಿದ್ದು ಒಂದೇ ಸಲ, ಅದೂ ಅಂಗೈಯಷ್ಟಗಲ. ನೆನಪಿದೆಯಾ, ನೀನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ನಮ್ದಲ್ಲ ಅಕ್ಕಾ, ಇದರೊಳಗೆ ನಾನು ತೂರೋಕೆ ಜಾಗಾನೇ ಇಲ್ಲ’ ಎಂದು ವಾಪಸು ಡಬ್ಬಿಗೆ ತುಂಬಿದೆ. ನಕ್ಕೂ ನಕ್ಕೂ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಈಗ ಜಾಗವಿದೆ ಕಣೇ. ಗೋಂದಣ್ಣ ತನ್ನ ಮೊಬೈಲಿನಲ್ಲಿ ಹೊಸ ಕಿಟ್ಟಿನ ಚಿತ್ರ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸಿದ. ತಗಡು ಕೂಡಿಸಲು ನಾವು ಬಡಿಯುತ್ತಿದ್ದ ರಿವೆಟ್ ಮೊಳೆಗಳು ಒಂದೊಂದೂ ಕಾಣುತ್ತವೆ. ರೆಕ್ಕೆಯ ಕೆಳಗಿನ ಮುಚ್ಚಳವನ್ನು ತೆಗೆದು ಬದಿಗಿಡಬಹುದು, ತೆಗೆದರೆ ಒಳಗಿನ ಪಕ್ಕೆಲುಬುಗಳ ಸಾಲು, ಕೊಳವೆಗಳು, ಆ ಅಳತೆಗೆ ಒಬ್ಬಳು ಮುದುಡಿ ಮಲಗುವಷ್ಟು ಸಂದು. ‘ಏನಜ್ಜೀ, ಸರಿಯಾಗಿದೆಯಾ? ನೀವು ಅಲ್ಲೇ ಕೆಲಸ ಮಾಡಿದೋರಲ್ವಾ?’ ಎಂದು ಅವನು ಕೇಳಿದ. ನನಗೆ ಗೊತ್ತಿಲ್ಲ ಕಣೇ. ಇಷ್ಟು ವರ್ಷ ಆ ರೆಕ್ಕೆಯನ್ನು ಬಡಿದವಳು ನಾನು, ಅದರ ಒಳಗನ್ನು ನಾನು ನೋಡಿಯೇ ಇಲ್ಲ.

ಆವತ್ತು ಮನೆಗೆ ಬಂದವಳು ಅದನ್ನೇ ಯೋಚಿಸುತ್ತ ಕೂತೆ. ನಾನು ಉದ್ದಕ್ಕಿದ್ದೆ ಎಂದು ಹೊರಗೆ ನಿಲ್ಲಿಸಿದರು, ರಿವೆಟ್ ಗನ್ ಕೈಗೆ ಕೊಟ್ಟರು. ನೀನು ಕುಳ್ಳಿ ಎಂದು ಒಳಗೆ ತೂರಿಸಿದರು, ಉಕ್ಕಿನ ಗಟ್ಟಿಯೊಂದನ್ನು ಕೊಟ್ಟರು. ಹೊರಗಿನಿಂದ ನಾನು ಬಡಿಯಬೇಕು, ಒಳಗಿನಿಂದ ನೀನು ಗಟ್ಟಿಯನ್ನು ಒತ್ತಿ ಹಿಡಿಯಬೇಕು, ಆಗ ರಿವೆಟ್ಟಿನ ಬಾಲ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ಆ ಗದ್ದಲದಲ್ಲಿ ಮಾತೆಲ್ಲಿ? ನೀನು ತಗಡಿಗೆ ಒಂದು ಸಲ ಕುಟ್ಟಿದರೆ ಸರಿಯಾಗಿದೆ, ಮುಂದಕ್ಕೆ ಹೋಗು. ಎರಡು ಸಲ ಕುಟ್ಟಿದರೆ ಇನ್ನೊಂದು ಪೆಟ್ಟು ಕೊಡು. ಮೂರು ಸಲ ಕುಟ್ಟಿದರೆ ಕೆಟ್ಟುಹೋಯಿತು, ಕಿತ್ತು ಹಾಕು. ಮೂರು ಕುಟ್ಟುವಾಗ ನಿನಗೆ ಏನೋ ಖುಷಿ, ಬೇಕೆಂದೇ ಜೋರಾಗಿ ಕುಟ್ಟುತ್ತಿದ್ದೆ, ಸುಳ್ಳು ಹೇಳಬೇಡ. ನನಗೆ ಹೊರಗೆ ಬೆಳಕಿತ್ತು, ಉದ್ದನೆಯ ಕಿಟಕಿಗಳಿದ್ದವು, ಹೋಗಿ ಬರುವವರು ಕಾಣುತ್ತಿದ್ದರು, ಮೇಸ್ತ್ರಿ ಬಂದರೆ ಮುಖ ಗಂಟು ಹಾಕಿಕೊಳ್ಳಬಹುದಿತ್ತು, ಹೋದರೆ ಹಲ್ಲು ಕಿರಿಯಬಹುದಿತ್ತು. ನಿನಗೆ ಒಂದು ಸಣ್ಣ ಬಲ್ಬು ಮತ್ತು ನನ್ನ ಗಲಾಟೆ. ಸಂಜೆ ನಿನ್ನ ಕಾಲು ಹಿಡಿದು ಹೊರಗೆ ಎಳೆಯುತ್ತಿದ್ದೆ, ನೀನು ಮೈ ಕೊಡವಿಕೊಂಡು ‘ಹೊಟ್ಟೆ ಹಸೀತಿದೆ’ ಎನ್ನುತ್ತಿದ್ದೆ, ಅಷ್ಟೇ. ಒಳಗೆ ಹೇಗಿತ್ತು ಎಂದು ನಾನು ಒಂದು ದಿನವೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಪಕ್ಕದ ರೆಕ್ಕೆಯ ದಪ್ಪಕ್ಕ ಒಮ್ಮೆ ಹೇಳಿದ್ದಳು, ‘ನಿನ್ನ ತಂಗಿ ಒಳಗೆ ಹಾಡ್ಕೋತಾಳೆ ಕಣೇ, ನಾನು ಕೇಳಿದೀನಿ.’ ಹಾಡುತ್ತಿದ್ದೆಯಾ? ಯಾವ ಹಾಡು? ಭಯವಾಗುತ್ತಿತ್ತೇ? ಬಂದು ಹೇಳು. ಇದನ್ನೆಲ್ಲ ಕಾಗದದಲ್ಲಿ ಬರೆಯಬೇಡ, ನೀನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತೀಯ.

ಇಲ್ಲಿನ ವಿಷಯ ಹೇಳಬೇಕೆಂದರೆ ಹೇಳುವಂಥದ್ದೇನೂ ಇಲ್ಲ. ಬೆಳಿಗ್ಗೆ ಏಳುತ್ತೇನೆ, ಕೆಳಗಿನ ಬೇಕರಿಯಿಂದ ಬ್ರೆಡ್ ತರುತ್ತೇನೆ, ಅರ್ಧ ತಿನ್ನುವಷ್ಟರಲ್ಲಿ ಉಳಿದರ್ಧ ಬೂಷ್ಟು ಹಿಡಿಯುತ್ತದೆ. ರೇಡಿಯೋ ಹಾಕುತ್ತೇನೆ, ಕೇಳಿಸುವುದಿಲ್ಲ, ಆದರೂ ಅದರ ಕೆಂಪು ದೀಪ ಉರಿಯುತ್ತಿದ್ದರೆ ಯಾರೋ ಇದ್ದಾರೆ ಎನಿಸುತ್ತದೆ. ಅಂಗಡಿಯಲ್ಲಿ ಗೋಂದಣ್ಣನೊಡನೆ ಆಡುವ ನಾಲ್ಕು ಮಾತೇ ಆ ದಿನದ ಮಾತು. ಕೆಲವು ದಿನ ಅವನ ಅಂಗಡಿಗೆ ರಜೆ, ಆವತ್ತು ಅದೂ ಇಲ್ಲ. ಹೋದ ತಿಂಗಳು ಒಂದು ತಮಾಷೆ ನಡೆಯಿತು. ಬಚ್ಚಲಿನ ನಲ್ಲಿ ರಿಪೇರಿಗೆ ಒಬ್ಬ ಬಂದಿದ್ದ. ನಾನು ಅಡುಗೆಮನೆಯಲ್ಲಿ ಗೋಡೆಗೊರಗಿ ನಿಂತಿದ್ದೆ. ಅವನು ಪೈಪಿಗೆ ಎರಡು ಸಲ ಕುಟ್ಟಿದ. ಕಿವಿಗೆ ಕೇಳಿಸಿತೋ ಬೆನ್ನಿಗೆ ಕೇಳಿಸಿತೋ, ನಾನು ‘ಬಂದೆ ಕುಳ್ಳೀ, ಇನ್ನೊಂದು ಕೊಡ್ತೀನಿ’ ಎಂದು ಕೂಗಿಕೊಂಡು ಓಡಿದೆ. ಅವನು ಪೈಪಿನ ಕೆಳಗಿನಿಂದ ಮುಖ ಹೊರಗೆ ಹಾಕಿ ಪಿಳಿಪಿಳಿ ನೋಡಿದ. ಏನಿಲ್ಲಪ್ಪ, ನೀನು ಕೆಲಸ ಮಾಡು ಎಂದು ಹೇಳಿ ಈಚೆ ಬಂದೆ. ಬಂದು ನಿನ್ನ ಮಂಚದ ಮೇಲೆ ಕೂತು ಅತ್ತುಬಿಟ್ಟೆ. ತಮಾಷೆ ಎಂದು ಹೇಳಹೊರಟೆ, ಬರೆಯುವಾಗ ತಮಾಷೆಯಾಗಿ ಬರಲಿಲ್ಲ, ಹೋಗಲಿ ಬಿಡು. ಈ ಮನೆಯಲ್ಲಿ ನನಗೆ ಒಂಟಿತನ ತಡೆಯಲು ಆಗುತ್ತಿಲ್ಲ. ಎರಡು ವರ್ಷ ಜಂಬದಿಂದ ಏನೇನೋ ಬರೆದೆ, ಹಾಯಾಗಿದ್ದೇನೆ, ರಾಣಿ ಹಾಗಿದ್ದೇನೆ ಎಂದು. ಹಾಗೇನೂ ಇಲ್ಲ.

ಮೆಟ್ಟಿಲಿನ ನೆಪ ಹೇಳಬೇಡ, ಅದಕ್ಕೂ ವ್ಯವಸ್ಥೆ ಮಾಡಿದ್ದೇನೆ. ಮಂಡಿ ಕೈಕೊಟ್ಟು ಮಹಡಿ ಹತ್ತಲಾಗದೆ ತಾನೇ ನೀನು ಹೋದದ್ದು? ಕೆಳಗಿನ ಬೇಕರಿಯವನ ಜೊತೆ ಮಾತಾಡಿದ್ದೇನೆ. ಒಲೆಯ ಹತ್ತಿರ ಕೆಲಸ ಮಾಡುವ ಗಟ್ಟಿಮುಟ್ಟಾದ ಇಬ್ಬರು ನಿನ್ನನ್ನು ಕುರ್ಚಿಯ ಸಮೇತ ಮೇಲಕ್ಕೆ ಹೊತ್ತು ತರುತ್ತಾರೆ. ‘ನಿಮ್ಮ ತಂಗಿ ತೂಕ ಎಷ್ಟು?’ ಎಂದು ಅವನು ಕೇಳಿದ. ‘ಒಂದು ಮೂಟೆ ಮೈದಾಕ್ಕಿಂತ ಕಡಿಮೆ, ಆದರೆ ಬಾಯಿ ಜಾಸ್ತಿ’ ಎಂದೆ. ಒಮ್ಮೆ ಮೇಲೆ ಬಂದರೆ ಮತ್ತೆ ಇಳಿಯುವ ಗೊಡವೆ ಯಾಕೆ? ಬೇಕಾದ್ದನ್ನೆಲ್ಲ ನಾನು ತರುತ್ತೇನೆ. ಮಗಳಿಗೆ ಬೇಜಾರಾಗುತ್ತದೆ, ಅಳಿಯ ಏನೆಂದುಕೊಳ್ಳುತ್ತಾನೋ ಎನ್ನುತ್ತೀಯ. ನಿನ್ನ ಗಂಡ ಹೋದ ಮೇಲೆ ಮೂರು ವರ್ಷದ ಆ ಕೂಸನ್ನು ಎತ್ತಿಕೊಂಡು ನೀನು ಬಂದದ್ದು ಈ ಮನೆಗೇ, ಅವಳು ಆಡಿ ಓಡಿ ಬೆಳೆದದ್ದು ಇಲ್ಲೇ. ಅವಳಿಗೆ ಅರ್ಥವಾಗುತ್ತದೆ. ಇನ್ನು ನಾನೇ ಅಲ್ಲಿಗೆ ಬರುವ ಮಾತು ಎತ್ತಬೇಡ. ಇನ್ನೊಬ್ಬರ ಸಂಸಾರದ ಮಧ್ಯೆ ಮೂಲೆ ಹಿಡಿದು ಕೂತು, ಊಟಕ್ಕೆ ಕರೆಯಲಿ ಎಂದು ಕಾಯುವುದು ನನ್ನ ಕೈಲಾಗದು. ಹೋದ ಸಲ ಬಂದಾಗ ಎರಡೇ ದಿನಕ್ಕೆ ಮುಳ್ಳಿನ ಮೇಲೆ ಕೂತ ಹಾಗಾಗಿತ್ತು, ನಿನಗೂ ಗೊತ್ತು. ನಾನು ಇಲ್ಲಿಂದ ಅಲ್ಲಾಡುವವಳಲ್ಲ.

ಕೆಲಸ ಹಂಚಿಕೊಳ್ಳುವುದನ್ನೂ ಯೋಚಿಸಿಟ್ಟಿದ್ದೇನೆ. ಈ ಸಲ ಒಳಗಿನ ಕೆಲಸವೆಲ್ಲ ನನಗೆ, ಆ ಪಕ್ಕೆಲುಬು, ಕೊಳವೆ, ಎಲ್ಲ. ನೀನು ಹೊರಗೆ ಬೆಳಕಿಗೆ ಕೂತುಕೊಂಡು ಮೈಗೆ ಬಣ್ಣ ಹೊಡಿ. ಒಳಗಿನ ಬಣ್ಣ ಯಾವುದು ಎಂದು ಗೋಂದಣ್ಣ ಕೇಳುತ್ತಿದ್ದಾನೆ, ಮೊದಲೇ ತರಿಸಿಡಬೇಕಂತೆ. ಹಸಿರೋ, ಹಳದಿ ಕಲೆತ ಹಸಿರೋ? ಅದನ್ನು ಬಲ್ಲವಳು ನೀನೊಬ್ಬಳೇ, ವಿಚಾರಿಸಲು ದಪ್ಪಕ್ಕನೂ ಈಗ ಇಲ್ಲ. ಇದೊಂದನ್ನು ಮಾತ್ರ ಕೂಡಲೇ ಬರೆದು ಹಾಕು. ಅವನು ದಿನಾ ಕೇಳುವಾಗ ನನಗೆ ನಾಚಿಕೆಯಾಗುತ್ತದೆ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳು. ಮುಲಾಮು ಹಚ್ಚಿಕೋ. ರಾತ್ರಿ ಚಳಿಗೆ ಕಾಲುಚೀಲ ಹಾಕಿಕೊಂಡೇ ಮಲಗು. ನೂರು ವರ್ಷ ಬಾಳು, ಆದರೆ ಇಷ್ಟು ದೂರದಲ್ಲಲ್ಲ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಈಗ ಹರಿದು ಬರೆಯುತ್ತಿದ್ದೇನೆ. ಸೋಮವಾರ, ಗೋಂದಣ್ಣನ ಅಂಗಡಿಯಲ್ಲೇ ನಿಂತಿದ್ದೇನೆ, ಪೆನ್ನೂ ಅವನದೇ, ಅಕ್ಷರ ವಕ್ರವಾದರೆ ಬೈಯಬೇಡ. ಅಂಚೆಗೆ ಹೋಗುವ ದಾರಿಯಲ್ಲಿ ಕಿಟ್ಟಿಗೆ ಹೇಳಿಟ್ಟು ಹೋಗೋಣ ಎಂದು ಒಳಗೆ ಬಂದೆ. ಡಬ್ಬಿ ಭಾರ, ನಿಮ್ಮ ಕೈಲಿ ಎತ್ತಲಾಗುವುದಿಲ್ಲ, ಮನೆಗೇ ಕಳಿಸುತ್ತೇನೆ, ವಿಳಾಸ ಹೇಳಿ ಎಂದ. ನಾನು ಹೇಳಿದೆ. ಅವನು ಬರೆದುಕೊಂಡು, ‘ಅಜ್ಜೀ, ಇದು ನಿಮ್ಮ ಮನೆ ಅಲ್ವಲ್ಲಾ’ ಎಂದ. ನೋಡಿದರೆ, ನಿನ್ನ ಮಗಳ ಮನೆಯ ವಿಳಾಸ ಹೇಳಿದ್ದೇನೆ, ಮನೆ ಸಂಖ್ಯೆ, ರಸ್ತೆ, ಎಲ್ಲ ಸರಿಯಾಗಿ. ಬದಲಾಯಿಸಲೇ ಎಂದು ಕೇಳಿದ. ಬೇಡ ಎಂದೆ. ಮೇಲೆ ಬರೆದದ್ದನ್ನೆಲ್ಲ ಬಿಟ್ಟುಹಾಕು, ಬೇಕರಿಯವರಿಗೆ ನಾನು ಹೇಳಿಕೊಳ್ಳುತ್ತೇನೆ. ಕುಳ್ಳೀ, ನೀನು ಹೋಗುವ ದಿನ ಮಗಳು ‘ದೊಡ್ಡಮ್ಮಾ, ನೀವೂ ಬಂದುಬಿಡಿ’ ಎಂದಳಲ್ಲ, ಅದು ಬಾಯಿಮಾತಿಗೋ, ಮನಸ್ಸಿನಿಂದಲೋ? ಅವಳನ್ನು ಕೂರಿಸಿಕೊಂಡು ಕೇಳು, ನನಗೆ ಮುಲಾಜಿಲ್ಲದೆ ಬರೆ. ಹೂಂ ಎಂದರೆ ನಾನು ಬಂದುಬಿಡುತ್ತೇನೆ. ಬೇರೆ ಕೋಣೆ ಬೇಡ, ನಿನ್ನ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತೇನೆ.