ಒಡೆಯದ ಆನೆ

ದಾಂಡೇಲಿ
9-12-2024, ಸೋಮವಾರ

ಪ್ರೀತಿಯ ಮಗಳು ನಿರ್ಮಲಾಗೆ ನಿನ್ನ ಅವ್ವನ ಆಶೀರ್ವಾದ.

ಬೆನ್ನುನೋವು ಈಗ ಹೇಗಿದೆ? ಊಟ ಸರಿಯಾಗಿ ಮಾಡುತ್ತೀಯಾ? ಫೋನಿನಲ್ಲಿ ಕೇಳಿದರೆ ನಿನ್ನ ಅತ್ತೆ ಪಕ್ಕದಲ್ಲೇ ಇರುತ್ತಾರೆ, ನೀನು "ಹೂಂ, ಆರಾಮ ಅದೇನಿ" ಎನ್ನುತ್ತೀ, ಅಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಗೂಳಪ್ಪ ನಿಮ್ಮೂರು ರಾಮನಗರಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ನಾನು ಇದ್ದೇನೆ. ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ.

ನಿನ್ನೆ ಮಧುಮತಿಯ ಹುಟ್ಟುಹಬ್ಬ ಮುಗಿಯಿತು. ನಿನಗೆ ಬರಲು ಆಗಲಿಲ್ಲ, ಇರಲಿ. ನೀನು ಎರಡನೇ ಮದುವೆಯಾಗಿ, ಅವಳನ್ನು ನನ್ನ ಹತ್ತಿರ ಬಿಟ್ಟು ಹೋದ ಮೇಲೆ ಆ ಮಗು ಇಂಥದು ಬೇಕು ಎಂದು ಕೇಳಿದ್ದೇ ಇಲ್ಲ. ಮೊನ್ನೆ ಗೆಳತಿಯ ಮನೆಯಲ್ಲಿ ಕಂಡ ಪಿನಾಟಾದ ಸುದ್ದಿ ಹೇಳುವಾಗ ಮಾತ್ರ ಕಣ್ಣರಳಿಸಿದಳು. ಕಾಗದದ ಆನೆಯಂತೆ, ಹೊಟ್ಟೆ ತುಂಬ ಚಾಕಲೇಟಂತೆ, ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಡಿಗೆಯಿಂದ ಹೊಡೆದು ಒಡೆಯಬೇಕಂತೆ. ಕಾಗದದ ಮಿಲ್ಲಿನಲ್ಲಿ ಜೀವ ಸವೆಸಿದ ನಿನ್ನ ಅಪ್ಪನ ಹೆಂಡತಿಗೆ ಇದ್ಯಾವ ಮಹಾ ಎಂದುಕೊಂಡೆ. ನನಗೆ ಗೊತ್ತಿರುವುದು ನಮ್ಮ ಕಾಗದದ ಬುಟ್ಟಿಯ ಕೆಲಸವೊಂದೇ. ಹಳೆ ಪೇಪರು ನೆನೆಹಾಕಿ, ಮೆಂತ್ಯ ಸೇರಿಸಿ ರುಬ್ಬಿ, ಕೊಡದ ಮೇಲೆ ಮೆತ್ತಿ ಎರಡು ಬುಟ್ಟಿ ಮಾಡಿದೆ. ಚಾಕಲೇಟು ತುಂಬಿ ಬಾಯಿಗೆ ಬಾಯಿ ಕೂಡಿಸಿದೆ. ಸೊಂಡಿಲು ಕೂರಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಈ ವಯಸ್ಸಿನಲ್ಲಿ ನನಗೆ ಇದೆಲ್ಲ ಬೇಕಿತ್ತೇ ಎಂದು ನಿನ್ನ ಮೇಲೆ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ.

ಬುಟ್ಟಿ ಒಡೆಯಬಾರದೆಂದೇ ಅಲ್ಲವೇ ನಾವು ಹಾಗೆ ಮಾಡುವುದು? ಒಡೆಯಲೆಂದೇ ಮಾಡುವ ವಸ್ತು ನಾನೆಲ್ಲಿ ಕಂಡಿದ್ದೆ! ಓಣಿಯ ಮಕ್ಕಳೆಲ್ಲ ಸರದಿಯ ಮೇಲೆ ಬಡಿದರು. ಬಡಿಗೆ ಮುರಿಯಿತು, ಆನೆ ಸುಮ್ಮನೆ ತೂಗಾಡಿತು. ಗೂಳಪ್ಪ ಒನಕೆ ತಂದು ಹೊಡೆದು ಕೈ ಉಜ್ಜಿಕೊಳ್ಳುತ್ತಾ ಕೂತ. "ಮಾಲವ್ವಾರ, ಆನಿ ಮಾಡೀರೋ ಸೂಪಾ ಡ್ಯಾಮ್ ಕಟ್ಟೀರೋ?" ಎಂದ. ಎಲ್ಲರೂ ನಕ್ಕರು. ಮಧು ಮಾತ್ರ ಬಡಿಗೆಯನ್ನೇ ಮುಟ್ಟಲಿಲ್ಲ. ಎಷ್ಟು ಕರೆದರೂ ಕೈ ಹಿಂದೆ ಕಟ್ಟಿಕೊಂಡು ಬಾಗಿಲಿಗೆ ಒರಗಿ ನಿಂತಳು. ಯಾರಿಗಾಗಿ ಇಷ್ಟು ಒದ್ದಾಡಿದೆನೋ ಅವಳೇ ಹೀಗೆ ಮಾಡಿದರೆ ಹೇಗಾಗಬೇಡ? ಬೈದುಬಿಟ್ಟೆ. ಮಕ್ಕಳಿಗೆ ಕೇಕು, ಚುರುಮುರಿ ಕೊಟ್ಟು ಕಳಿಸಿದೆ. ಆನೆ ಇನ್ನೂ ತೊಲೆಗೇ ನೇತಾಡುತ್ತಿದೆ, ಇಳಿಸಲು ನನಗೆ ಕೈ ಎತ್ತುವುದಾಗುತ್ತಿಲ್ಲ.

ಅಳಿಯಂದಿರಿಗೆ ಆಶೀರ್ವಾದ, ನಿನ್ನ ಅತ್ತೆಗೆ ಶರಣು ತಿಳಿಸು. ನಿನ್ನ ಸಂಸಾರ ತಣ್ಣಗಿರಲಿ.

ನಿನ್ನ ಅವ್ವ,
ಮಾಲವ್ವ

ತಾ.ಕ.: ಗೂಳಪ್ಪ ಅವಸರ ಮಾಡುತ್ತಿದ್ದಾನೆ. ಕಾಗದ ಮಡಿಸುವಾಗ ಮಧು ಬಂದು ಪಕ್ಕ ಕೂತಳು. "ಆಯಿ, ಅವ್ವಗ ಬರಿಯಾಕತ್ತೀಯೇನು? ದೀಪಾವಳಿಗೆ ಅಕಿ ಮನಿಗೆ ಹೋದಾಗ ಗಾಜಿನ ಜಗ್ಗ ನನ್ನ ಕೈಯಿಂದ ಬಿದ್ದು ಒಡದಿತ್ತಲ್ಲ, ಅದಕ್ಕ ಅವ್ವ ನನ್ನ ಅಲ್ಲಿ ಇಟಗೊಳ್ಳಲಿಲ್ಲ. ಇನ್ನ ಮ್ಯಾಲ ನಾ ಏನೂ ಒಡಿಯೂದಿಲ್ಲ ಅಂತ ಬರಿ. ನಿನ್ನೆ ಆನಿಗೂ ಹೊಡೀಲಿಲ್ಲ ಅಂತ ಬರಿ" ಎಂದಳು.

ಬರೆದಿದ್ದೇನೆ.