ಬಣ್ಣವಿಲ್ಲದ ಕರಡಿ

ಮೂರನೆಯ ಮರಳುಶಕೆ, ಗಾಳಿಮಾಸದ ಮೂವತ್ತೆಂಟನೆಯ ದಿನ,
ಕೋಟೆಗುಡ್ಡದಾಚೆಯ ಅದಿರುಗುಂಡಿಯಿಂದ

ಬಣ್ಣದ ಕರಡಿಬೊಂಬೆಗಳನ್ನು ಮಾಡಿಸಿ ಊರ ತುಂಬ ನಿಲ್ಲಿಸಿದ ಹಿರಿಯರಿಗೆ,

ತಿಂಗಳಿಗೆ ಮೂವತ್ತೆಂಟು ದಿನವೇ ಎಂದು ಹುಬ್ಬೇರಿಸಬೇಡಿ. ಗಾಳಿ ನಿಲ್ಲುವವರೆಗೂ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಓದುಬರಹವನ್ನು ನಿಮ್ಮ ಅಂಗಡಿಗಳ ಮುರಿದ ಬೋರ್ಡುಗಳಿಂದ ಕಲಿತವರು ನಾವು. ನನ್ನ ಹೆಸರು ಮಲ್ಲಿಗೆವ್ವ. ಮಲ್ಲಿಗೆಯನ್ನು ನಾನು ಕಂಡಿಲ್ಲ. ನನ್ನ ಪಾಲಿಗೆ ಸಿಕ್ಕ ಕರಡಿಯ ಬೆನ್ನ ಮೇಲೆ ಬಿಳಿಯ ಸಣ್ಣ ಸಣ್ಣ ಗುರುತುಗಳಿದ್ದವು, ಅವೇ ಮಲ್ಲಿಗೆ ಎಂದು ದೊಡ್ಡವರು ಹೇಳಿದರು, ಅಷ್ಟೆ. ನಮ್ಮ ಗುಂಡಿಯ ಹಿರಿಯ ರೈಲಪ್ಪಜ್ಜ. ರೈಲೆಂದರೇನೆಂದು ಅವನಿಗೂ ಗೊತ್ತಿಲ್ಲ, ಆದರೆ ಕೇಳಿದರೆ ಸಂಜೆಯವರೆಗೂ ಬಿಡದೆ ಹೇಳುತ್ತಾನೆ.

ನೀವು ಅದಿರು ತೆಗೆದು ಬಿಟ್ಟುಹೋದ ಗುಂಡಿಗಳ ಗೋಡೆ ಕೊರೆದು ನಾವು ತಂಪುಮನೆ ಮಾಡಿಕೊಂಡಿದ್ದೇವೆ. ಉರಿಗಾಲ ಬಂತೆಂದರೆ ಹೊರಗಿದ್ದವರು ಬದುಕುವುದಿಲ್ಲ. ಆ ದಿನ ರೈಲಪ್ಪಜ್ಜ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಾನೆ. ಹೆಸರು ಕೂಗಿಸಿಕೊಂಡವರು ಒಳಗೆ, ಉಳಿದವರು ಹೊರಗೆ. ಒಳಗೆ ಗಾಳಿ ಕಡಿಮೆ, ಎಲ್ಲರಿಗೂ ಸಾಲದು, ಅದಕ್ಕೇ ಈ ಕಟ್ಟಳೆ. ಹಾಲುಹಲ್ಲು ಇರುವವರೆಗೆ ಮಕ್ಕಳು ತಾಯಿಯ ಹೆಸರಿನಲ್ಲೇ ಒಳಗೆ ಬರಬಹುದು. ಹಲ್ಲು ಬಿದ್ದಮೇಲೆ ಸ್ವಂತ ಹೆಸರು ಬೇಕು. ಹೆಸರು ಬರುವುದು ಕರಡಿಯಿಂದ. ಇದು ಎಲ್ಲಿಯ ಪದ್ಧತಿ ಎನ್ನುತ್ತೀರಾ? ನಿಮ್ಮದೇ. ಕೋಟೆಗುಡ್ಡದ ಕೆಳಗೆ ನಿಮ್ಮ ಕಾಲದ ಒಂದು ಗೋಡೆ ಉಳಿದಿದೆ. ಅದರ ಮೇಲಿನ ಚಿತ್ರದಲ್ಲಿ ಮಕ್ಕಳು ಕೈಯಲ್ಲಿ ಊರ ನಕ್ಷೆ ಹಿಡಿದು ಬಣ್ಣದ ಕರಡಿಗಳನ್ನು ಹುಡುಕುತ್ತಿದ್ದಾರೆ. ಸಿಕ್ಕ ಕರಡಿಯನ್ನು ತಬ್ಬಿಕೊಂಡು ನಗುತ್ತಿದ್ದಾರೆ. ಹಿಂದೆ ತಾಯಂದಿರು ನಿಂತಿದ್ದಾರೆ. ಮಕ್ಕಳಿಗೆ ಹೆಸರಿಡುವ ಶಾಸ್ತ್ರವಲ್ಲದೆ ಇದು ಮತ್ತೇನು ಎಂದು ನಮ್ಮ ಹಿರಿಯರು ತೀರ್ಮಾನಿಸಿದರು. ನೀವು ಸುಮ್ಮನೆ ಆಟಕ್ಕೆಂದು ಇಷ್ಟೆಲ್ಲ ಮಾಡಿದಿರೆಂದು ಯಾರೂ ನಂಬಲಾರರು.

ಹೀಗಾಗಿ ಗಾಳಿ ಸ್ವಲ್ಪ ತಗ್ಗಿದಾಗಲೆಲ್ಲ ನಾವು ಹಳೆಯ ಊರಿಗೆ ಹೋಗಿ ಮರಳು ಬಗೆಯುತ್ತೇವೆ. ಗಾಳಿಪಟದ ಕರಡಿ, ನವಿಲಿನ ಕರಡಿ, ಕಸೂತಿಯ ಕರಡಿ, ಮೈತುಂಬ ಅಕ್ಷರ ಬರೆದ ಕರಡಿ ಎಲ್ಲವೂ ಸಿಕ್ಕಿವೆ. ಕರಡಿ ಎಂದರೆ ಮೈಮೇಲೆ ಚಿತ್ರ ಮೂಡಿದ ಪ್ರಾಣಿ ಎಂದೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಚಿತ್ರ ನೋಡಿ ಹೆಸರಿಡುತ್ತೇವೆ. ಒಂದು ಕರಡಿ ಒಂದೇ ಮಗುವಿಗೆ. ಈಗ ಬರಬರುತ್ತ ಸಿಗುವುದೇ ಇಲ್ಲ. ಹೋದ ಉರಿಗಾಲದಲ್ಲಿ ಪಕ್ಕದ ಮನೆಯ ಕೂಸು ಕರಡಿ ಸಿಗದೆ, ಹೆಸರಿಲ್ಲದೆ ಬಾಗಿಲ ಹೊರಗೆ ಉಳಿಯಿತು. ಅದರ ತಾಯಿಯೂ ಹೊರಗೇ ಉಳಿದಳು. ಅವರ ಬಗ್ಗೆ ಹೆಚ್ಚು ಬರೆಯಲು ನನ್ನಿಂದಾಗದು.

ಈ ಸಲ ನನ್ನ ಮಗಳ ಹಲ್ಲು ಬಿತ್ತು.

ನಾನು, ಅವಳು, ರೈಲಪ್ಪಜ್ಜ ಮೂವರೂ ಹೋದೆವು. ಬಸ್‌ಸ್ಟ್ಯಾಂಡು ಬಗೆದಾಯಿತು, ಕೆರೆಯ ಏರಿ ಬಗೆದಾಯಿತು. ನನಗೆ ದೇವರ ಮೇಲೂ ಸಿಟ್ಟು, ನಿಮ್ಮ ಮೇಲೂ ಸಿಟ್ಟು. ಮಾಡಿದವರು ಇನ್ನೂ ನಾಲ್ಕು ಹೆಚ್ಚು ಮಾಡಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಕೊನೆಗೆ ಕುಸಿದ ಮೇಲ್ಸೇತುವೆಯ ಕೆಳಗೆ ಮಗಳ ಕೈಗೆ ಒಂದು ಮೂತಿ ತಗುಲಿತು. ಮರಳು ಸರಿಸಿದೆವು. ಒಂದು ಹೂವಿಲ್ಲ, ಹಕ್ಕಿಯಿಲ್ಲ, ಗೆರೆಯಿಲ್ಲ. ಮೈಯೆಲ್ಲ ಕಪ್ಪು. ಕಪ್ಪೆಂದರೆ ಬಳಿದ ಕಪ್ಪಲ್ಲ, ಜಡೆಜಡೆಯಾದ ಕೂದಲನ್ನು ಎಳೆ ಎಳೆಯಾಗಿ ಕೆತ್ತಿದ್ದರು. ಮೂತಿ ಮಾಸಲು, ಎದೆಯ ಮೇಲೆ ಬಳೆಚೂರಿನಂತೆ ಬಾಗಿದ ಒಂದು ಬಿಳಿಯ ಗುರುತು. ಬೇರೆ ಕರಡಿಗಳಂತೆ ಇದು ನಗುತ್ತಿರಲಿಲ್ಲ.

ರೈಲಪ್ಪಜ್ಜ ಸುತ್ತ ಎರಡು ಸಲ ಬಂದು ಕೈಚೆಲ್ಲಿದ. "ಇದರ ಮೈಮ್ಯಾಲೆ ಏನೂ ಇಲ್ಲಲ್ಲವ್ವಾ, ಏನಂತ ಹೆಸರಿಡೂದು? ಬಣ್ಣ ಹಚ್ಚೂದು ಮರ್ತು ಹೋಗ್ಯಾರ," ಎಂದ. ಬಣ್ಣ ಹಚ್ಚಲು ಮರೆತವರು ಒಂದೊಂದು ಕೂದಲನ್ನೂ ಕೆತ್ತುತ್ತಾರೆಯೇ ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ ಮಗಳು ಆ ಕೂದಲೊಳಗೆ ಬೆರಳು ತೂರಿಸಿ, "ಅವ್ವಾ, ಉಳಿದಾವೆಲ್ಲ ಚಿತ್ರ. ಇದೊಂದ ಕರಡಿ," ಎಂದಳು. ನಮಗೆಲ್ಲ ಹೆಸರು ಕೊಟ್ಟ ಕರಡಿಗಳು ಕರಡಿಗಳೇ ಅಲ್ಲ, ಯಾರೋ ಕರಡಿಯ ಮೇಲೆ ಬರೆದ ಬರಹಗಳು ಎಂದು ಆ ಕ್ಷಣ ನನಗೂ ಅನಿಸಿತು. ರೈಲಪ್ಪಜ್ಜನಿಗೂ ಅನಿಸಿರಬೇಕು, ಆ ಕೂದಲ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ನನ್ನ ಮುಖ ನೋಡದೆ, "ಉರಿಗಾಲ ಬಂದ ಬಿಡ್ತವ್ವಾ. ನಾ ಬಾಗಿಲದಾಗ ನಿಂತು ಏನಂತ ಕೂಗ್ಲಿ?" ಎಂದ.

ಅವನು ಕೆಟ್ಟವನಲ್ಲ. ಹಾಗೆ ನೋಡಿದರೆ ಪಕ್ಕದ ಮನೆಯ ಕೂಸಿಗಾಗಿ ಇವತ್ತಿಗೂ ಅಳುವವನು ಅವನೊಬ್ಬನೇ.

ಹೆಸರಿಗಾಗಿ ನಾವೇ ಅದರ ಮೇಲೆ ಚಿತ್ರ ಬರೆಯುವುದೆಂದಾಯಿತು. ಕೂದಲ ಮೇಲೆ ಬಣ್ಣ ನಿಲ್ಲುವುದಿಲ್ಲವೆಂದು ಮೊದಲು ಜೇಡಿಮಣ್ಣು ಮೆತ್ತಿ ಸಪಾಟು ಮಾಡಿದೆವು. ಮಣ್ಣು ಕಲಸಿಕೊಟ್ಟವಳು ನಾನೇ. ಎದೆಯ ಬಿಳಿಯೂ ಮುಚ್ಚಿತು. ಅದಿರಿನ ಕೆಂಪುಪುಡಿಯನ್ನು ಎಣ್ಣೆಯಲ್ಲಿ ಕಲಸಿ ರೈಲಪ್ಪಜ್ಜ ದಾಸವಾಳ ಬರೆದ. ದಾಸವಾಳ ಅವನೂ ಕಂಡಿಲ್ಲ, ಇನ್ನೊಂದು ಕರಡಿಯ ಮೇಲೆ ನೋಡಿದ್ದ. "ಹಚ್ಚಬ್ಯಾಡೋ ಅಜ್ಜಾ, ಅದಕ್ಕ ಉಸಿರು ಕಟ್ಟತೈತಿ," ಎಂದು ಮಗಳು ಅವನ ಕೈ ಹಿಡಿದು ಎಳೆದಳು. ನಾನು ಅವಳನ್ನು ಎತ್ತಿಕೊಂಡು ದೂರ ಹೋದೆ. ಈಗ ಅವಳ ಹೆಸರು ದಾಸವ್ವ. ಆ ಹೆಸರಿನಿಂದ ಕರೆದರೆ ತಿರುಗಿ ನೋಡುವುದಿಲ್ಲ. ನಾಳೆ ಬಾಗಿಲಲ್ಲೂ ಓಗೊಡದಿದ್ದರೆ ಎಂದು ಹೆದರಿ ಕುಳಿತಿದ್ದೇನೆ.

ನೀವು ಹೇಳಿ, ತಾಯಿಯಾದವಳು ಏನು ಮಾಡಬೇಕಿತ್ತು? ನಿಮ್ಮ ಉತ್ತರ ನನಗೆ ಮುಟ್ಟುವುದಿಲ್ಲ, ಈ ಪತ್ರ ನಿಮಗೆ ಮುಟ್ಟುವುದೂ ಅನುಮಾನವೇ. ಆದರೂ ನಿಮ್ಮ ಕಾಲಕ್ಕೆ ಅಂಥ ಕಪ್ಪು ಕೂದಲಿನ ನಿಜವಾದ ಕರಡಿ ಗುಡ್ಡದಲ್ಲಿ ಇನ್ನೂ ಉಸಿರಾಡುತ್ತಿತ್ತೆಂದು ರೈಲಪ್ಪಜ್ಜ ಹೇಳುತ್ತಾನೆ. ಅವನ ಮಾತಿನಲ್ಲಿ ಅರ್ಧ ಸುಳ್ಳು, ಇದು ಉಳಿದರ್ಧದಲ್ಲಿ ಇರಲಿ. ನಮಗಾಗಿ ಇನ್ನೊಂದು ಬಣ್ಣವಿಲ್ಲದ ಕರಡಿ ಮಾಡಿಡಿ ಎಂದು ನಾನು ಕೇಳುವುದಿಲ್ಲ. ಮಾಡಿಟ್ಟರೆ ಅದಕ್ಕೂ ಬಳಿಯುತ್ತೇವೆ, ನಮ್ಮ ಮಕ್ಕಳು ಬದುಕಬೇಕಲ್ಲ. ಉಳಿಸುವುದಾದರೆ ಮಣ್ಣು ಹಿಡಿದು ನಾವು ಹತ್ತಿರ ಹೋದಾಗ, ಎದ್ದು ಗುಡ್ಡದ ಕಡೆಗೆ ಓಡಿಹೋಗುವಂಥ ಒಂದನ್ನು ಉಳಿಸಿ.

ದಾಸವ್ವನ ತಾಯಿ,
ಮಲ್ಲಿಗೆವ್ವ